ಸಂಸ್ಕೃತಿಯೊಳಗಿನ ಅಧಿಕಾರವನ್ನು ಓದುವುದು ಹೇಗೆ? ಹೊಸಬರಿಗೊಂದು ಕೈಪಿಡಿ

"ಗ್ರಾಮ್ಷಿಯನ್ನು ಓದಿದೆ, ಬೋರ್ದ್ಯುವನ್ನು ಓದಿದೆ, ಫೂಕೋನ ಒಂದು ಪುಸ್ತಕವನ್ನು ಹೇಗೋ ಮುಗಿಸಿದೆ. ಈಗ ಇವರನ್ನು ನನ್ನ ವಿಷಯಕ್ಕೆ ಅನ್ವಯಿಸುವುದು ಹೇಗೆ?" ಸಂಸ್ಕೃತಿ ಅಧ್ಯಯನಕ್ಕೆ ಹೊಸದಾಗಿ ಬಂದವರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಇದೇ. ಕೇಳುವವರು ಬೇರೆ ಬೇರೆ: ಸ್ನಾತಕೋತ್ತರ ವಿದ್ಯಾರ್ಥಿಗಳು, ಪತ್ರಕರ್ತರು, ಸಿನಿಮಾ ವಿಮರ್ಶೆ ಬರೆಯುವವರು. ತೊಡಕು ಮಾತ್ರ ಒಂದೇ, ಮತ್ತು ಅದು "ಅನ್ವಯಿಸುವುದು" ಎಂಬ ಕ್ರಿಯಾಪದದಲ್ಲೇ ಇದೆ. ಸಿದ್ಧ ಉತ್ತರವೊಂದನ್ನು ಕೈಯಲ್ಲಿ ಹಿಡಿದು ಹೊರಟವರಿಗೆ ಎಲ್ಲೆಲ್ಲೂ ಆ ಉತ್ತರವೇ ಕಾಣುತ್ತದೆ. ಸಿನಿಮಾ ಯಾವುದಾದರೂ ಆಗಲಿ, ಕೊನೆಯ ಸಾಲು "ಹೀಗೆ ಇದು ಪ್ರಬಲ ವರ್ಗದ ಯಾಜಮಾನ್ಯವನ್ನು ಗಟ್ಟಿಗೊಳಿಸುತ್ತದೆ" ಎಂದೇ ಮುಗಿಯುತ್ತದೆ. ಆ ಸಾಲು ತಪ್ಪಿರಲಾರದು. ಆದರೆ ಅದನ್ನು ಬರೆಯಲು ಸಿನಿಮಾ ನೋಡಲೇಬೇಕಾಗಿರಲಿಲ್ಲ.

ನೀವು ನೆನಪಿಡಬೇಕಾದದ್ದು ಇಷ್ಟು. ಈ ಚಿಂತಕರೆಲ್ಲ ಒಂದು ಪ್ರಶ್ನೆಯ ಬೆನ್ನು ಹತ್ತಿದವರು: ದಿನವೂ ಲಾಠಿ ಎತ್ತದೆ ಅಸಮಾನತೆ ಹೇಗೆ ಮುಂದುವರಿಯುತ್ತದೆ? ಅದರಿಂದ ನಷ್ಟಕ್ಕೆ ಒಳಗಾಗುವವರೂ ಅದನ್ನು ಸಹಜವೆಂದು ಒಪ್ಪುವುದು ಏಕೆ? ಆ ಪ್ರಶ್ನೆಯನ್ನು ನಿಮ್ಮದಾಗಿಸಿಕೊಂಡರೆ ಪರಿಕಲ್ಪನೆಗಳು ತಾವಾಗಿ ಕೆಲಸಕ್ಕೆ ಬರುತ್ತವೆ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ: ಪರಿಶೀಲಿಸಲು ಒಂದು ಚಿಕ್ಕ ವಸ್ತು, ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಬಿಡುವಿನ ಎರಡು ವಾರ. ಪುಸ್ತಕಗಳ ರಾಶಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಹಂತ 1: ವಸ್ತುವನ್ನು ಕಿರಿದುಗೊಳಿಸಿ

"ಮಾಧ್ಯಮ ಮತ್ತು ಅಸಮಾನತೆ" ಎನ್ನುವುದು ವಿಷಯವಲ್ಲ, ಒಂದು ಗ್ರಂಥಾಲಯದ ಕಪಾಟು. ನಿಮಗೆ ಬೇಕಾದದ್ದು ಮೇಜಿನ ಮೇಲೆ ಇಟ್ಟು ನೋಡಬಹುದಾದ ವಸ್ತು: ಒಂದು ಜಾಹೀರಾತು, ಒಂದು ಪಠ್ಯಪುಸ್ತಕದ ಪಾಠ, ವಸ್ತುಸಂಗ್ರಹಾಲಯದ ಒಂದು ಕೋಣೆಯ ವಿವರಣಾ ಫಲಕಗಳು, ಒಂದು ಅರ್ಜಿ ನಮೂನೆ, ಒಂದೇ ಘಟನೆಯ ಐದು ಸುದ್ದಿ ಶೀರ್ಷಿಕೆಗಳು. ವಸ್ತು ಚಿಕ್ಕದಾದಷ್ಟೂ ನೀವು ಹೇಳುವುದು ದೊಡ್ಡದಾಗಬಲ್ಲದು. ಹೊಸಬರು ಇದನ್ನು ನಂಬುವುದಿಲ್ಲ, ಒಮ್ಮೆ ಮಾಡಿ ನೋಡಿದ ಮೇಲೆ ನಂಬುತ್ತಾರೆ.

ಈ ಲೇಖನದುದ್ದಕ್ಕೂ ಒಂದೇ ಸಾಲನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಉದ್ಯೋಗದ ಜಾಹೀರಾತುಗಳಲ್ಲಿ ಪದೇ ಪದೇ ಕಾಣುವ ಮಾತುಗಳನ್ನು ಜೋಡಿಸಿ ನಾನು ಇದನ್ನು ರಚಿಸಿದ್ದೇನೆ:

"ಪ್ರತಿಷ್ಠಿತ ಸಂಸ್ಥೆಗೆ ಚುರುಕಾದ, ಉತ್ತಮ ವ್ಯಕ್ತಿತ್ವದ, ನಿರರ್ಗಳವಾಗಿ ಮಾತನಾಡಬಲ್ಲ, ನಮ್ಮ ವಾತಾವರಣಕ್ಕೆ ಹೊಂದಿಕೊಳ್ಳುವ ಅಭ್ಯರ್ಥಿಗಳು ಬೇಕಾಗಿದ್ದಾರೆ."

ಹಂತ 2: ಸಿದ್ಧಾಂತ ಮುಟ್ಟುವ ಮುನ್ನ ವಿವರಿಸಿ

ಇದು ಎಲ್ಲರೂ ಹಾರಿಸಿಬಿಡುವ ಹಂತ. ನನ್ನ ಮಟ್ಟಿಗೆ ಇಡೀ ಕೆಲಸದ ಅರ್ಧ ಭಾಗ ಇಲ್ಲೇ ಮುಗಿಯುತ್ತದೆ. ಒಂದು ಬಣ್ಣದ ಪೆನ್ನಿನಿಂದ ಕಂಡದ್ದನ್ನು ಮಾತ್ರ ಬರೆಯಿರಿ. ಊಹೆ, ಅನುಮಾನ, ಸಿಟ್ಟು ಎಲ್ಲವೂ ಎರಡನೆಯ ಬಣ್ಣದಲ್ಲಿರಲಿ.

ಮೇಲಿನ ಸಾಲಿನಲ್ಲಿ ಕಾಣುವುದೇನು? "ಪ್ರತಿಷ್ಠಿತ" ಎಂಬ ವಿಶೇಷಣವನ್ನು ಸಂಸ್ಥೆ ತನಗೆ ತಾನೇ ಕೊಟ್ಟುಕೊಂಡಿದೆ. ಅಭ್ಯರ್ಥಿಗೆ ನಾಲ್ಕು ಗುಣಗಳನ್ನು ವಿಧಿಸಿದೆ, ಆ ನಾಲ್ಕರಲ್ಲಿ ಒಂದನ್ನೂ ಅಳೆಯಲು ಬರುವುದಿಲ್ಲ. "ನಿಮಿಷಕ್ಕೆ ಇಷ್ಟು ಪದ ಟೈಪ್ ಮಾಡಬೇಕು" ಎಂದಿದ್ದರೆ ಮನೆಯಲ್ಲೇ ಕುಳಿತು ಪರೀಕ್ಷಿಸಿಕೊಳ್ಳಬಹುದಿತ್ತು. ವ್ಯಕ್ತಿತ್ವ ಉತ್ತಮವೇ ಅಲ್ಲವೇ ಎಂದು ತೀರ್ಮಾನಿಸುವವರು ಮೇಜಿನ ಆಚೆ ಕುಳಿತಿರುತ್ತಾರೆ. "ನಿರರ್ಗಳವಾಗಿ", ಸರಿ, ಆದರೆ ಯಾವ ಭಾಷೆಯಲ್ಲಿ? ಹೇಳಿಲ್ಲ. ಹೇಳದೆಯೂ ಅರ್ಥವಾಗುತ್ತದೆ ಎಂಬ ಭರವಸೆ ಬರೆದವರಿಗಿದೆ. "ಹೊಂದಿಕೊಳ್ಳುವ" ಎಂಬ ಕ್ರಿಯೆಯ ಹೊಣೆ ಪೂರ್ತಿ ಅಭ್ಯರ್ಥಿಯದು, ವಾತಾವರಣ ಬದಲಾಗಬೇಕಿಲ್ಲ. ಕೊನೆಗೆ "ಬೇಕಾಗಿದ್ದಾರೆ". ಯಾರಿಗೆ ಬೇಕಾಗಿದ್ದಾರೆ? ಬೇಕೆನ್ನುವ ಮನುಷ್ಯ ವಾಕ್ಯದಲ್ಲಿ ಎಲ್ಲೂ ಇಲ್ಲ, ಸಂಸ್ಥೆಯ ಹೆಸರಿನ ಹಿಂದೆ ಸರಿದಿದ್ದಾನೆ.

ಇಲ್ಲದ್ದನ್ನೂ ಪಟ್ಟಿ ಮಾಡಿ. ಸಂಬಳವಿಲ್ಲ. ಕೆಲಸದ ಅವಧಿಯಿಲ್ಲ. ಆಯ್ಕೆಯ ವಿಧಾನವಿಲ್ಲ. ಅಭ್ಯರ್ಥಿ ತನ್ನ ಬಗ್ಗೆ ಎಲ್ಲವನ್ನೂ ಹೇಳಬೇಕು, ಸಂಸ್ಥೆ ತನ್ನ ಬಗ್ಗೆ ಒಂದು ವಿಶೇಷಣ ಹೇಳಿದರೆ ಸಾಕು. ಇಷ್ಟನ್ನು ಗುರುತಿಸಲು ಯಾವ ಚಿಂತಕನ ಹೆಸರೂ ಬೇಕಾಗಲಿಲ್ಲ ಎಂಬುದನ್ನು ಗಮನಿಸಿ.

ಹಂತ 3: "ಸಂಸ್ಕೃತಿ", "ಅಧಿಕಾರ" ಎರಡನ್ನೂ ಯಾವ ಅರ್ಥದಲ್ಲಿ ಬಳಸುತ್ತೀರಿ ಎಂದು ತೀರ್ಮಾನಿಸಿ

ರೈಲ್ವೆ ಸಿಗ್ನಲ್‌ಮನ್ ಒಬ್ಬರ ಮಗ, ವೇಲ್ಸಿನ ವಿಮರ್ಶಕ ರೇಮಂಡ್ ವಿಲಿಯಮ್ಸ್ (1921-1988), "ಸಂಸ್ಕೃತಿ" ಎಂಬುದಕ್ಕಿರುವ ಇಂಗ್ಲಿಷ್ ಪದವನ್ನು ಆ ಭಾಷೆಯ ಅತ್ಯಂತ ಜಟಿಲವಾದ ಎರಡು ಮೂರು ಪದಗಳಲ್ಲಿ ಒಂದೆಂದು ಕರೆದರು. ನಾವು ಒಂದೇ ಪ್ಯಾರಾದಲ್ಲಿ ಅದನ್ನು ಮೂರು ಅರ್ಥಗಳಲ್ಲಿ ಬಳಸಿ ಗೊಂದಲಕ್ಕೆ ಬೀಳುತ್ತೇವೆ: ಮನಸ್ಸನ್ನು ಪಳಗಿಸುವ ಪರಿಷ್ಕಾರ ಎಂಬ ಅರ್ಥ, ಕಲೆ ಸಾಹಿತ್ಯಗಳ ಒಟ್ಟು ರಾಶಿ ಎಂಬ ಅರ್ಥ, ಒಂದು ಸಮುದಾಯದ ಇಡೀ ಬದುಕಿನ ರೀತಿ ಎಂಬ ಅರ್ಥ. ವಿಲಿಯಮ್ಸ್ ಒತ್ತು ಕೊಟ್ಟದ್ದು ಮೂರನೆಯದಕ್ಕೆ. 1958ರಲ್ಲಿ ಸಂಸ್ಕೃತಿ ಎಂದರೆ ಸಾಮಾನ್ಯವಾದದ್ದು, ಎಲ್ಲರ ದಿನನಿತ್ಯದ್ದು ಎಂದು ಅವರು ವಾದಿಸಿದ ಮೇಲೆ ಜಾಹೀರಾತು, ಅರ್ಜಿ ನಮೂನೆಗಳಂಥ ಸಾಧಾರಣ ವಸ್ತುಗಳೂ ಗಂಭೀರ ಓದಿಗೆ ಅರ್ಹವಾದವು. ನಿಮ್ಮ ಅರ್ಥ ಯಾವುದೆಂದು ಒಂದು ಸಾಲಿನಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಅಧಿಕಾರಕ್ಕೆ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಸ್ಟೀವನ್ ಲ್ಯೂಕ್ಸ್ 1974ರಲ್ಲಿ ಮಂಡಿಸಿದ ಮೂರು ಮುಖಗಳ ವಿವರಣೆ ಹೊಸಬರಿಗೆ ಬಲು ಅನುಕೂಲ. ಮೊದಲನೆಯದು ಕಣ್ಣಿಗೆ ಕಾಣುವಂಥದ್ದು: ಇಬ್ಬರ ನಡುವೆ ಜಗಳವಾದಾಗ ಯಾರ ಮಾತು ನಡೆಯಿತು? ಎರಡನೆಯದು ಸ್ವಲ್ಪ ಮರೆಯಲ್ಲಿರುವುದು: ಯಾವ ವಿಷಯ ಚರ್ಚೆಗೇ ಬರದಂತೆ ನೋಡಿಕೊಳ್ಳಲಾಯಿತು? ಮೂರನೆಯದು ಬಹಳ ಆಳದ್ದು: ಜನರು ಏನನ್ನು ಬಯಸಬೇಕು, ಯಾವುದನ್ನು ಅನ್ಯಾಯವೆಂದು ಎಣಿಸಬಾರದು ಎಂಬುದೇ ಮೊದಲು ರೂಪುಗೊಂಡಿರುತ್ತದೆ, ಹಾಗಾಗಿ ಜಗಳವೇ ಹುಟ್ಟುವುದಿಲ್ಲ. ನಮ್ಮ ಜಾಹೀರಾತಿನಲ್ಲಿ ಮೊದಲನೆಯದು ಆಯ್ಕೆಯ ದಿನ ಕಾಣುತ್ತದೆ. ಸಂಬಳದ ಮಾತೇ ಇಲ್ಲದಿರುವುದು ಎರಡನೆಯದು. ಕೆಲಸ ಸಿಗದವಳು ಮನೆಗೆ ಹೋಗಿ "ನನ್ನ ವ್ಯಕ್ತಿತ್ವದಲ್ಲೇ ಏನೋ ಕೊರತೆಯಿದೆ" ಎಂದುಕೊಂಡರೆ ಅದು ಮೂರನೆಯದು. ಸಂಸ್ಕೃತಿ ಸಿದ್ಧಾಂತಗಳ ಹೆಚ್ಚಿನ ಕೆಲಸ ಈ ಮೂರನೆಯ ಮುಖದ ಮೇಲೆಯೇ ನಡೆದಿದೆ.

ಎಚ್ಚರಿಕೆ: ಅಧಿಕಾರ ಎಲ್ಲೆಲ್ಲೂ ಇದೆ ಎಂದಷ್ಟೇ ಬರೆದು ನಿಲ್ಲಬೇಡಿ. ಎಲ್ಲವನ್ನೂ ವಿವರಿಸುವ ಮಾತು ಯಾವುದನ್ನೂ ವಿವರಿಸುವುದಿಲ್ಲ. ಯಾರಿಗೆ, ಯಾವುದರ ಮೇಲೆ, ಯಾವ ದಾರಿಯಿಂದ ಎಂಬ ಮೂರಕ್ಕೆ ಉತ್ತರವಿರಬೇಕು.

ಹಂತ 4: ಪ್ರಶ್ನೆಗೆ ತಕ್ಕ ಉಪಕರಣ ಆರಿಸಿ

ಎರಡು, ಹೆಚ್ಚೆಂದರೆ ಮೂರು ಪರಿಕಲ್ಪನೆ ಸಾಕು. ಒಂದೇ ಪ್ರಬಂಧದಲ್ಲಿ ಆರು ಚಿಂತಕರನ್ನು ಸಾಲಾಗಿ ನಿಲ್ಲಿಸಿದ ಹಸ್ತಪ್ರತಿಗಳನ್ನು ಓದಿದ್ದೇನೆ. ಅವುಗಳಲ್ಲಿ ವಸ್ತುವಿಗೇ ಜಾಗ ಉಳಿದಿರುವುದಿಲ್ಲ.

ನಿಮ್ಮ ಪ್ರಶ್ನೆ "ಜನರು ಇದನ್ನು ಏಕೆ ಒಪ್ಪುತ್ತಾರೆ?" ಎಂದಾದರೆ ಇಟಲಿಯ ಮಾರ್ಕ್ಸ್‌ವಾದಿ ಚಿಂತಕ ಅಂತೋನಿಯೊ ಗ್ರಾಮ್ಷಿಯ ಕಡೆಗೆ ಹೋಗಿ. ಮುಸೊಲಿನಿಯ ಸರ್ಕಾರ 1926ರಲ್ಲಿ ಅವರನ್ನು ಬಂಧಿಸಿತು. 1929ರಿಂದ 1935ರವರೆಗೆ ಅವರು ಸೆರೆಯಲ್ಲಿದ್ದುಕೊಂಡೇ ಮೂವತ್ತಕ್ಕೂ ಹೆಚ್ಚು ನೋಟ್‌ಬುಕ್ಕುಗಳನ್ನು ತುಂಬಿಸಿದರು. ಕ್ರಾಂತಿ ಆಗಬೇಕಿದ್ದಲ್ಲಿ ಏಕೆ ಆಗಲಿಲ್ಲ, ಸೋಲಿನ ಕಾರಣವೇನು ಎಂಬ ವೇದನೆ ಆ ಪುಟಗಳಲ್ಲಿದೆ. ಯಾಜಮಾನ್ಯ ಎಂದರೆ ಬಲಾತ್ಕಾರದ ಬೆಂಗಾವಲಿನಲ್ಲಿ ಒಪ್ಪಿಗೆಯಿಂದ ನಡೆಯುವ ಆಳ್ವಿಕೆ. ಶಾಲೆ, ಪತ್ರಿಕೆ, ಧಾರ್ಮಿಕ ಸಂಸ್ಥೆ, ಸಂಘ ಇವೆಲ್ಲ ಸೇರಿ ಆಳುವವರ ದೃಷ್ಟಿಯನ್ನು ಎಲ್ಲರ "ಲೋಕರೂಢಿಯ ತಿಳಿವಳಿಕೆ"ಯನ್ನಾಗಿ ಮಾಡುತ್ತವೆ. ಹೆಚ್ಚಿನವರು ಮರೆಯುವುದು ಇದರ ಇನ್ನೊಂದು ಬದಿಯನ್ನು: ಆ ಲೋಕರೂಢಿ ಗ್ರಾಮ್ಷಿಗೆ ಬರಿಯ ಭ್ರಮೆಯಲ್ಲ, ಪರಸ್ಪರ ವಿರುದ್ಧವಾದ ತುಣುಕುಗಳ ಕಂತೆ, ಅದರಲ್ಲಿ ವಿವೇಕದ ಬೀಜವೂ ಇದೆ. ಒಪ್ಪಿಗೆಯನ್ನು ಮತ್ತೆ ಮತ್ತೆ ಗಳಿಸಬೇಕಾಗುತ್ತದೆ, ಆದ್ದರಿಂದಲೇ ಅದು ಮುರಿಯಲೂಬಹುದು.

ನಿಮ್ಮ ಪ್ರಶ್ನೆ "ಒಂದೇ ಅವಕಾಶ ಎಲ್ಲರಿಗೂ ತೆರೆದಿದ್ದರೂ ಕೆಲವರೇ ಏಕೆ ಗೆಲ್ಲುತ್ತಾರೆ?" ಎಂದಾದರೆ ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯು (1930-2002) ಬೇಕು. ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಅವರು ಕೆಲಸ ಮಾಡಿದ ರೀತಿಯೇ ಒಂದು ಪಾಠ. 1963ರಲ್ಲಿ, ಮತ್ತೆ 1967-68ರಲ್ಲಿ ಅವರ ತಂಡ ಫ್ರಾನ್ಸಿನಲ್ಲಿ 1,217 ಜನರನ್ನು ಅಭಿರುಚಿಯ ಬಗ್ಗೆ ಪ್ರಶ್ನಿಸಿತು. ಒಂದು ಪ್ರಶ್ನೆ ಹೀಗಿತ್ತು: ಕೆಳಗಿನ ಯಾವ ವಸ್ತುವಿನಿಂದ ಸುಂದರವಾದ ಛಾಯಾಚಿತ್ರ ಮೂಡಬಹುದು? ಪಟ್ಟಿಯಲ್ಲಿ ಸೂರ್ಯಾಸ್ತವಿತ್ತು, ಎಲೆಕೋಸಿತ್ತು, ಮರದ ತೊಗಟೆಯಿತ್ತು, ಕಾರು ಅಪಘಾತವೂ ಇತ್ತು. ಕಡಿಮೆ ಶಿಕ್ಷಣ ಪಡೆದವರು ಹೆಚ್ಚಾಗಿ ಸೂರ್ಯಾಸ್ತದಂಥ ಸರ್ವಸಮ್ಮತ ಸೌಂದರ್ಯವನ್ನು ಆರಿಸಿದರು. ಶಿಕ್ಷಣದ ಮಟ್ಟ ಏರಿದಂತೆ ಎಲೆಕೋಸು, ತೊಗಟೆಗಳಲ್ಲೂ ಸೌಂದರ್ಯ ಕಾಣುವವರು ಹೆಚ್ಚಿದರು. ಎಲೆಕೋಸನ್ನು ಉಪಯೋಗದಿಂದ ಬಿಡಿಸಿ, ಬರಿಯ ಆಕಾರವಾಗಿ ನೋಡುವ ಆ ಕಣ್ಣು ಹುಟ್ಟಿನಿಂದ ಬಂದದ್ದಲ್ಲ. ಬಿಡುವು ಮತ್ತು ಶಾಲೆ ಅದನ್ನು ಕಲಿಸಿವೆ. ಆದರೂ ಸಮಾಜ ಅದನ್ನು "ಸಹಜ ರಸಿಕತೆ" ಎಂದು ಗೌರವಿಸುತ್ತದೆ. ಈ ಸಮೀಕ್ಷೆಯ ಫಲವಾದ ಪುಸ್ತಕ 1979ರಲ್ಲಿ ಬಂತು.

ಅವರ ಮೂರು ಪದಗಳನ್ನು ತಿಳಿದಿರಿ. ಸಾಂಸ್ಕೃತಿಕ ಬಂಡವಾಳ ಎಂದರೆ ಹಣದಂತೆಯೇ ಲಾಭ ತರುವ ತಿಳಿವಳಿಕೆ, ಉಚ್ಚಾರಣೆ, ಪದವಿಪತ್ರ, ನಡೆನುಡಿ. ಹ್ಯಾಬಿಟಸ್ ಎಂದರೆ ಬೆಳೆದ ಪರಿಸರ ಮೈಗೂ ಮನಸ್ಸಿಗೂ ಇಳಿಸಿದ ಒಲವು. ಯಾವ ಬಾಗಿಲು "ನಮ್ಮಂಥವರಿಗಲ್ಲ" ಎಂದು ಯಾರೂ ಹೇಳದೆಯೇ ಗೊತ್ತಾಗುವುದು ಅದರಿಂದ. ಸಾಂಕೇತಿಕ ಹಿಂಸೆ ಎಂದರೆ ಕೀಳಾಗಿ ಕಾಣಲ್ಪಟ್ಟವರೇ ಆ ಅಳತೆಗೋಲನ್ನು ನ್ಯಾಯವೆಂದು ಒಪ್ಪಿಕೊಂಡಾಗ ಆಗುವ ಗಾಯ. ಮೇಲೆ ಹೇಳಿದ, ಮನೆಗೆ ಮರಳಿದ ಆ ಅಭ್ಯರ್ಥಿ ಅನುಭವಿಸಿದ್ದು ಅದನ್ನೇ.

ನಿಮ್ಮ ಪ್ರಶ್ನೆ "ಈ ವರ್ಗೀಕರಣ, ಈ ನಮೂನೆ, ಈ ಸಾಮಾನ್ಯ-ಅಸಾಮಾನ್ಯ ಎಂಬ ಗೆರೆ ಎಲ್ಲಿಂದ ಬಂತು?" ಎಂದಾದರೆ ಫ್ರೆಂಚ್ ಚಿಂತಕ ಮಿಶೆಲ್ ಫೂಕೋ (1926-1984). ಸೆರೆಮನೆಯ ಹುಟ್ಟಿನ ಬಗ್ಗೆ 1975ರಲ್ಲಿ ಬರೆದ ಪುಸ್ತಕದಲ್ಲಿ ಅವರು ತೋರಿಸುವುದು, ಅಧಿಕಾರ ನಿಷೇಧಿಸುವುದಷ್ಟೇ ಅಲ್ಲದೆ ಮನುಷ್ಯರನ್ನು ತಯಾರಿಸುತ್ತದೆ ಎಂಬುದನ್ನು. ಶಾಲೆಯ ಪರೀಕ್ಷೆ ಮಗುವನ್ನು ಗಮನಿಸುತ್ತದೆ, ಅಂಕ ಕೊಟ್ಟು ಶ್ರೇಣಿಯಲ್ಲಿಡುತ್ತದೆ, ದಾಖಲೆಯಾಗಿಸುತ್ತದೆ; ಕೊನೆಗೆ ಆ ಮಗು ತನ್ನನ್ನು ಆ ಅಂಕದ ಮೂಲಕವೇ ನೋಡಿಕೊಳ್ಳುತ್ತದೆ. ಸಂಕಥನ ಎಂಬ ಪದಕ್ಕೆ ಅವರಲ್ಲಿ "ಮಾತುಕತೆ" ಎಂಬ ಅರ್ಥವಿಲ್ಲ. ಒಂದು ಕಾಲದಲ್ಲಿ ಯಾವುದನ್ನು ಹೇಳಲು ಸಾಧ್ಯ, ಯಾರ ಮಾತು ಜ್ಞಾನವೆನಿಸುತ್ತದೆ ಎಂದು ನಿರ್ಧರಿಸುವ ನಿಯಮಗಳ ಜಾಲ ಅದು. ಆ ಪದವನ್ನು ಭಾಷಣಕ್ಕೆ, ಚರ್ಚೆಗೆ ಪರ್ಯಾಯವಾಗಿ ಬಳಸಬೇಡಿ.

ಸಾಂಸ್ಕೃತಿಕ ಸರಕುಗಳ ಉತ್ಪಾದನೆಯ ಬಗ್ಗೆ ನಿಮ್ಮ ಪ್ರಶ್ನೆಯಿದ್ದರೆ ಜರ್ಮನ್ ಚಿಂತಕರಾದ ಅಡೋರ್ನೊ ಮತ್ತು ಹಾರ್ಕ್‌ಹೈಮರ್ 1940ರ ದಶಕದಲ್ಲಿ, ನಾತ್ಸಿಗಳಿಂದ ತಪ್ಪಿಸಿಕೊಂಡು ಅಮೆರಿಕದಲ್ಲಿದ್ದಾಗ ಬರೆದ "ಸಂಸ್ಕೃತಿ ಉದ್ಯಮ"ದ ಅಧ್ಯಾಯ ಓದಿ. ಅದರಲ್ಲಿ ನೋಡುಗ ತೀರಾ ನಿಷ್ಕ್ರಿಯನಾಗಿ ಬರುತ್ತಾನೆ ಎಂಬ ಆಕ್ಷೇಪವನ್ನು ನಾನೂ ಒಪ್ಪುತ್ತೇನೆ. ಆ ಕೊರತೆಯನ್ನು ತುಂಬುವವರು ಆರನೆಯ ಹಂತದಲ್ಲಿ ಬರುತ್ತಾರೆ.

ಹಂತ 5: ಕೊಂಡಿಯನ್ನು ತೋರಿಸಿ

ಹೆಚ್ಚಿನ ಪ್ರಬಂಧಗಳು ಕುಸಿಯುವುದು ಇಲ್ಲಿ. ಒಂದು ಕಡೆ ಜಾಹೀರಾತಿನ ಪದಗಳಿವೆ. ಇನ್ನೊಂದು ಕಡೆ ಅಸಮಾನತೆಯಿದೆ. ನಡುವೆ "ಪ್ರತಿಬಿಂಬಿಸುತ್ತದೆ" ಎಂಬ ಒಂದು ಕ್ರಿಯಾಪದ. ಕನ್ನಡಿಯ ರೂಪಕವನ್ನು ಬಿಟ್ಟುಬಿಡಿ. ಯಾವ ಮೆಟ್ಟಿಲುಗಳ ಮೂಲಕ ಪದವೊಂದು ಒಬ್ಬರ ಬದುಕನ್ನು ಮುಟ್ಟುತ್ತದೆ ಎಂದು ಒಂದೊಂದಾಗಿ ಬರೆಯಿರಿ.

ನಮ್ಮ ಉದಾಹರಣೆಯಲ್ಲಿ: ಅಳೆಯಲಾಗದ ಗುಣವನ್ನು ಕೇಳಿದಾಗ ತೀರ್ಮಾನ ಸಂದರ್ಶಕರ ಅನಿಸಿಕೆಗೆ ಬಿಟ್ಟದ್ದಾಗುತ್ತದೆ. ಅನಿಸಿಕೆ ಪರಿಚಿತವಾದದ್ದರ ಕಡೆ ವಾಲುತ್ತದೆ. ತಮ್ಮ ಹಾಗೆ ಮಾತನಾಡುವವರು, ತಮ್ಮ ಹಾಗೆ ಬಿಡುವು ಕಳೆಯುವವರು "ಚುರುಕಾಗಿ" ಕಾಣುತ್ತಾರೆ. ಹಾಗೆ ಆಯ್ಕೆಯಾದವರು ನಾಳೆ ಸಂದರ್ಶಕರಾಗುತ್ತಾರೆ. ಇದು ಬರಿಯ ಊಹೆಯಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಲಾರೆನ್ ರಿವೇರಾ ಉನ್ನತ ಸಂಬಳದ ಬ್ಯಾಂಕಿಂಗ್, ಕಾನೂನು ಮತ್ತು ಸಲಹಾ ಸಂಸ್ಥೆಗಳಲ್ಲಿ ನೇಮಕ ಮಾಡುವವರ 120 ಸಂದರ್ಶನಗಳನ್ನು ನಡೆಸಿ, 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ತೋರಿಸಿದರು: ಹವ್ಯಾಸ, ಅನುಭವ, ತಮ್ಮನ್ನು ತೋರಿಸಿಕೊಳ್ಳುವ ಶೈಲಿ ಇವುಗಳಲ್ಲಿ ತಮ್ಮನ್ನು ಹೋಲುವವರನ್ನು ಅವರು ಹುಡುಕುತ್ತಿದ್ದರು, ಎಷ್ಟೋ ಸಲ ಕೌಶಲಕ್ಕಿಂತ ಅದಕ್ಕೇ ಹೆಚ್ಚು ತೂಕ ಕೊಡುತ್ತಿದ್ದರು.

ನಿಮ್ಮ ಸರಪಳಿಯ ಪ್ರತಿ ಕೊಂಡಿಯ ಪಕ್ಕದಲ್ಲಿ "ಇದಕ್ಕೆ ಆಧಾರವೇನು?" ಎಂದು ಬರೆದುಕೊಳ್ಳಿ. ಆಧಾರವಿಲ್ಲದ ಕೊಂಡಿಯನ್ನು ಮುಚ್ಚಿಡುವ ಬದಲು "ಇದು ನನ್ನ ಊಹೆ" ಎಂದು ಬರೆದರೆ ಪ್ರಬಂಧದ ಘನತೆ ಕುಗ್ಗುವುದಿಲ್ಲ.

ಎಚ್ಚರಿಕೆ: ಖಳನಾಯಕನನ್ನು ಹುಡುಕಬೇಡಿ. ಜಾಹೀರಾತು ಬರೆದ ಗುಮಾಸ್ತ ಯಾರನ್ನೋ ಹೊರಗಿಡಬೇಕೆಂದು ಕುಳಿತು ಬರೆದಿರಲಾರ. ಹಿಂದಿನ ಜಾಹೀರಾತನ್ನು ನೋಡಿ ನಕಲು ಮಾಡಿರಬಹುದು. ಯಾರ ದುರುದ್ದೇಶವೂ ಇಲ್ಲದೆ ಈ ಯಂತ್ರ ತಿರುಗುತ್ತದೆ ಎಂಬುದೇ ನೀವು ವಿವರಿಸಬೇಕಾದ ಸಂಗತಿ.

ಹಂತ 6: ಜನ ಅದನ್ನು ಏನು ಮಾಡುತ್ತಾರೆ ಎಂದು ನೋಡಿ

ಪಠ್ಯದಲ್ಲಿ ಇರುವುದೆಲ್ಲ ಓದುಗರ ತಲೆಗೆ ಹಾಗೆಯೇ ಇಳಿಯುತ್ತದೆ ಎಂದು ಭಾವಿಸುವುದು ಜನರಿಗೆ ಮಾಡುವ ಅವಮಾನ. ಜಮೈಕಾದಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಕೆಲಸ ಮಾಡಿದ ಸ್ಟುವರ್ಟ್ ಹಾಲ್ (1932-2014), 1964ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಆರಂಭವಾದ ಸಂಸ್ಕೃತಿ ಅಧ್ಯಯನ ಕೇಂದ್ರವನ್ನು ಮುನ್ನಡೆಸಿದವರು. ಟೆಲಿವಿಷನ್ ಕುರಿತ 1973ರ ಪ್ರಬಂಧದಲ್ಲಿ ಅವರು ಮೂರು ಬಗೆಯ ಓದನ್ನು ಗುರುತಿಸಿದರು: ಕಳುಹಿಸಿದವರ ಅರ್ಥವನ್ನೇ ಸ್ವೀಕರಿಸುವುದು, ಒಟ್ಟಾರೆ ಒಪ್ಪಿ ತನ್ನ ಮಟ್ಟಿಗೆ ತಿದ್ದಿಕೊಳ್ಳುವುದು, ಪೂರ್ತಿ ಎದುರು ನಿಂತು ಓದುವುದು. ನಮ್ಮ ಜಾಹೀರಾತನ್ನು ಒಬ್ಬಳು ನಂಬಿ ಅರ್ಜಿ ಹಾಕಬಹುದು. ಇನ್ನೊಬ್ಬ "ಇವರೆಲ್ಲ ಹೀಗೆಯೇ ಬರೆಯುತ್ತಾರೆ, ನೋಡೋಣ" ಎಂದು ಹಾಕಬಹುದು. ಮೂರನೆಯವರು "ಬೇಕಾದವರು ಮೊದಲೇ ಗೊತ್ತಾಗಿದ್ದಾರೆ" ಎಂದು ಹಾಳೆ ಮಡಚಿಡಬಹುದು. ಸಾಧ್ಯವಾದರೆ ನಾಲ್ಕು ಜನರನ್ನು ಕೇಳಿ. ನಾಲ್ಕು ಜನರ ಮಾತು ಇಡೀ ಸಮಾಜದ ಮಾತಾಗುವುದಿಲ್ಲ, ಆದರೆ ನಿಮ್ಮ ಒಂಟಿ ಓದಿಗಿಂತ ಖಂಡಿತ ಮೇಲು.

ಇದರ ಇನ್ನೊಂದು ತುದಿಯಲ್ಲೂ ಗುಂಡಿಯಿದೆ. ಪ್ರತಿರೋಧ ಕಂಡ ಕೂಡಲೇ ಸಂಭ್ರಮಿಸಬೇಡಿ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಪಾಲ್ ವಿಲ್ಲಿಸ್ 1977ರ ಪುಸ್ತಕದಲ್ಲಿ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣವೊಂದರ ಹನ್ನೆರಡು ಕಾರ್ಮಿಕ ಕುಟುಂಬದ ಹುಡುಗರ ಕತೆ ಹೇಳಿದ್ದಾರೆ. ಅವರು ಶಿಕ್ಷಕರನ್ನು ಗೇಲಿ ಮಾಡುತ್ತಾರೆ, ಓದುವ ಹುಡುಗರನ್ನು ಹಂಗಿಸುತ್ತಾರೆ, ಶಾಲೆ ಕೊಡುವ ಭರವಸೆ ತಮ್ಮಂಥ ಎಲ್ಲರಿಗೂ ಈಡೇರುವುದಿಲ್ಲ ಎಂಬುದನ್ನು ಸರಿಯಾಗಿಯೇ ಗ್ರಹಿಸಿದ್ದಾರೆ. ಮೈಮುರಿಯುವ ದುಡಿಮೆಯೇ ಗಂಡಸುತನ ಎಂದು ಅವರು ಎದೆಯುಬ್ಬಿಸುತ್ತಾರೆ. ಹಾಗೆ ಶಾಲೆಯನ್ನು ಧಿಕ್ಕರಿಸಿದ ಅದೇ ನಡೆ ಅವರನ್ನು ನೇರವಾಗಿ ಕಾರ್ಖಾನೆಯ ಕೆಳದರ್ಜೆಯ ಕೆಲಸಕ್ಕೆ ತಂದು ನಿಲ್ಲಿಸುತ್ತದೆ. ಈ ಹುಡುಗರ ಬಗ್ಗೆ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ: ಅವರ ಕಣ್ಣು ತೆರೆದಿತ್ತು, ಆದರೂ ದಾರಿ ಬದಲಾಗಲಿಲ್ಲ.

ಹಾಗೆಯೇ ಮೌನವನ್ನು ಒಪ್ಪಿಗೆ ಎಂದು ತಿಳಿಯಬೇಡಿ. ಮಲೇಷ್ಯಾದ ಹಳ್ಳಿಯೊಂದರಲ್ಲಿ ಎರಡು ವರ್ಷ ಕ್ಷೇತ್ರಕಾರ್ಯ ಮಾಡಿದ ಅಮೆರಿಕದ ರಾಜ್ಯಶಾಸ್ತ್ರಜ್ಞ ಜೇಮ್ಸ್ ಸ್ಕಾಟ್, ಬಡ ರೈತರು ಎದುರಿಗೆ ತಲೆಬಾಗಿದರೂ ಹಿಂದಿನಿಂದ ಕೆಲಸ ನಿಧಾನಿಸುವುದು, ಗುಸುಗುಸು ಮಾತು, ಅಡ್ಡಹೆಸರು ಇವುಗಳ ಮೂಲಕ ಹೋರಾಡುತ್ತಿದ್ದರು ಎಂದು 1985ರಲ್ಲಿ ಬರೆದರು. ಯಾಜಮಾನ್ಯದ ಸಿದ್ಧಾಂತಕ್ಕೇ ಅದು ಹಾಕಿದ ಸವಾಲು. ಗ್ರಾಮ್ಷಿಯನ್ನು ಬಳಸುವವರು ಸ್ಕಾಟ್‌ರನ್ನು ಪಕ್ಕದಲ್ಲಿಟ್ಟುಕೊಂಡು ಬಳಸಿದರೆ ಒಳ್ಳೆಯದು.

ಹಂತ 7: ಒಂದೇ ಗೆರೆಯಿಂದ ಅಳೆಯಬೇಡಿ

ವರ್ಗ ಮಾತ್ರ, ಲಿಂಗ ಮಾತ್ರ, ಜನಾಂಗ ಮಾತ್ರ ನೋಡಿದರೆ ಗೆರೆಗಳು ಕೂಡುವ ಜಾಗದಲ್ಲಿ ನಿಂತವರು ಕಾಣದೆ ಹೋಗುತ್ತಾರೆ. ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಷಾ 1989ರಲ್ಲಿ ಇದಕ್ಕೆ ಇಂಟರ್‌ಸೆಕ್ಷನಾಲಿಟಿ ಎಂಬ ಹೆಸರು ಕೊಟ್ಟರು. ಕೂಡುರಸ್ತೆಯ ಚಿತ್ರ ಆ ಪದದಲ್ಲೇ ಇದೆ. ಅವರು ಆಧರಿಸಿದ ನ್ಯಾಯಾಲಯದ ಪ್ರಕರಣಗಳಲ್ಲಿ ಒಂದು ಹೀಗಿದೆ. ಅಮೆರಿಕದ ಕಾರು ತಯಾರಿಕಾ ಕಂಪನಿಯೊಂದು 1964ಕ್ಕೆ ಮುನ್ನ ಕಪ್ಪು ಮಹಿಳೆಯರನ್ನು ನೇಮಿಸಿಕೊಂಡಿರಲಿಲ್ಲ. ಮುಂದೆ ಸೇವಾ ಹಿರಿತನದ ಆಧಾರದ ಮೇಲೆ ನೌಕರರನ್ನು ತೆಗೆದುಹಾಕಿದಾಗ, 1970ರ ನಂತರ ಸೇರಿದ್ದ ಕಪ್ಪು ಮಹಿಳೆಯರೆಲ್ಲ ಕೆಲಸ ಕಳೆದುಕೊಂಡರು. ಐವರು ಮೊಕದ್ದಮೆ ಹೂಡಿದರು. ಕಂಪನಿ 1964ಕ್ಕೆ ಮೊದಲೂ ಮಹಿಳೆಯರನ್ನು ನೇಮಿಸಿಕೊಂಡಿತ್ತು, ಹಾಗಾಗಿ ಲಿಂಗ ತಾರತಮ್ಯವಿಲ್ಲ ಎಂದಿತು 1976ರ ತೀರ್ಪು. ಆ ಮಹಿಳೆಯರು ಬಿಳಿಯರು. ಜನಾಂಗದ ದೂರನ್ನು ಅದೇ ಕಂಪನಿಯ ವಿರುದ್ಧದ ಬೇರೊಂದು ಪ್ರಕರಣದ ಜೊತೆ ಸೇರಿಸಿಕೊಳ್ಳಿ ಎಂದು ಸಲಹೆ ಬಂತು. ಎರಡು ಗೆರೆಗಳನ್ನು ಬೇರೆ ಬೇರೆಯಾಗಿ ಎಳೆದದ್ದರಿಂದ ಐವರ ಅನುಭವಕ್ಕೆ ಕಾನೂನಿನಲ್ಲಿ ಜಾಗವೇ ಸಿಗಲಿಲ್ಲ.

ಇದಕ್ಕೂ ಹಿಂದೆ ಅಂಬೇಡ್ಕರ್ ಇನ್ನೊಂದು ಮುಖ್ಯ ಸಂಗತಿಯನ್ನು ಕಂಡಿದ್ದರು. 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಿಂದ ಆರಂಭವಾದ ಅವರ ಜಾತಿ ವಿಶ್ಲೇಷಣೆ ಮುಂದೆ "ಶ್ರೇಣೀಕೃತ ಅಸಮಾನತೆ" ಎಂಬ ಪರಿಕಲ್ಪನೆಗೆ ತಲುಪಿತು. ಬರಿಯ ಮೇಲು-ಕೀಳು ಎಂಬ ಎರಡೇ ಭಾಗಗಳಿದ್ದರೆ ಕೆಳಗಿನವರು ಒಂದಾಗುವುದು ಸುಲಭ. ಮೆಟ್ಟಿಲು ಮೆಟ್ಟಿಲಾಗಿದ್ದರೆ, ತೀರಾ ಕೆಳಗಿನವರನ್ನು ಬಿಟ್ಟು ಪ್ರತಿಯೊಬ್ಬರಿಗೂ ತಮಗಿಂತ ಕೆಳಗೆ ಯಾರೋ ಇರುತ್ತಾರೆ, ಕಾಪಾಡಿಕೊಳ್ಳಲು ಒಂದಿಷ್ಟು ಸವಲತ್ತು ಇರುತ್ತದೆ. ಒಪ್ಪಿಗೆಯ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯಂತ ಹರಿತವಾದ ಉತ್ತರಗಳಲ್ಲಿ ಇದೊಂದು. ಯಾವ ಸಂಸ್ಥೆಯನ್ನು ಪರಿಶೀಲಿಸುವಾಗಲೂ ಕೇಳಿಕೊಳ್ಳಿ: ಇಲ್ಲಿ ಎಷ್ಟು ಮೆಟ್ಟಿಲುಗಳಿವೆ, ನಡುವಿನ ಮೆಟ್ಟಿಲಿನವರಿಗೆ ಕಳೆದುಕೊಳ್ಳಲು ಏನಿದೆ?

ನೀವು ಯಾವ ಮೆಟ್ಟಿಲಿನಿಂದ ನೋಡುತ್ತಿದ್ದೀರಿ ಎಂಬುದನ್ನೂ ಒಂದೆರಡು ಸಾಲಿನಲ್ಲಿ ಬರೆದುಕೊಳ್ಳಿ. ಉದ್ದದ ಆತ್ಮಕಥನ ಬೇಡ. ನಿಮ್ಮ ಕಣ್ಣಿಗೆ ಏನು ಸುಲಭವಾಗಿ ಕಾಣುತ್ತದೆ, ಏನು ತಪ್ಪಿಹೋಗಬಹುದು ಎಂಬಷ್ಟು ಸಾಕು.

ಹಂತ 8: ನಿಮ್ಮ ವಾದವನ್ನು ನೀವೇ ಕೆಡವಿ ನೋಡಿ

"ಯಾವ ಪುರಾವೆ ಸಿಕ್ಕರೆ ನನ್ನ ಮಾತು ತಪ್ಪೆಂದು ಒಪ್ಪುತ್ತೇನೆ?" ಎಂದು ಬರೆಯಿರಿ. ಉತ್ತರ ಹೊಳೆಯದಿದ್ದರೆ ನಿಮ್ಮಲ್ಲಿರುವುದು ವಾದವಲ್ಲ, ನಂಬಿಕೆ. ಜಾಹೀರಾತಿನ ವಿಷಯದಲ್ಲಿ: ಅಳೆಯಬಹುದಾದ ಅರ್ಹತೆಗಳನ್ನಷ್ಟೇ ಕೇಳುವ ಸಂಸ್ಥೆಯಲ್ಲೂ ಆಯ್ಕೆಯಾಗುವವರು ಅದೇ ವರ್ಗದವರಾದರೆ ನನ್ನ ಓದು ದುರ್ಬಲವಾಗುತ್ತದೆ. ಆಗ ಸಮಸ್ಯೆ ಪದಗಳಲ್ಲಿ ಇರದೆ ಅರ್ಹತೆ ಗಳಿಸುವ ದಾರಿಯಲ್ಲಿ, ಅಂದರೆ ಶುಲ್ಕ, ಶಾಲೆ, ಸಮಯ ಇವುಗಳಲ್ಲಿ ಇದ್ದೀತು.

ಇದೇ ಜಾಗದಲ್ಲಿ ಇನ್ನೊಂದು ತಪ್ಪನ್ನೂ ತಡೆಯಬಹುದು. ಸಂಸ್ಕೃತಿಯನ್ನು ಓದುವ ಹುರುಪಿನಲ್ಲಿ ಕೂಲಿ, ಜಮೀನು, ಕಾನೂನು ಮರೆತುಹೋಗುತ್ತವೆ. ಗೌರವ ಸಿಗದಿರುವುದೂ ಸಂಪತ್ತು ಸಿಗದಿರುವುದೂ ಬೇರೆ ಬೇರೆ ಅನ್ಯಾಯಗಳು, ಒಂದಕ್ಕೆ ಕೊಟ್ಟ ಮದ್ದು ಇನ್ನೊಂದನ್ನು ವಾಸಿ ಮಾಡುವುದಿಲ್ಲ ಎಂದು ಅಮೆರಿಕದ ತತ್ವಶಾಸ್ತ್ರಜ್ಞೆ ನ್ಯಾನ್ಸಿ ಫ್ರೇಸರ್ 1990ರ ದಶಕದಿಂದ ವಾದಿಸುತ್ತ ಬಂದಿದ್ದಾರೆ. ಜಾಹೀರಾತಿನ ಭಾಷೆ ತಿದ್ದಿದ ಮಾತ್ರಕ್ಕೆ ಸಂಬಳ ಏರುವುದಿಲ್ಲ.

ಹಂತ 9: ಬರೆಯಿರಿ, ಕರ್ತೃವನ್ನು ಮರೆಯದೆ

ಅಧಿಕಾರವನ್ನು ಬಯಲಿಗೆಳೆಯುವ ಬರಹವೇ ಕರ್ತೃವಿಲ್ಲದ ವಾಕ್ಯಗಳಿಂದ ತುಂಬಿದ್ದರೆ ಕೆಲಸ ಕೆಟ್ಟಿತು. "ಅಂಚಿಗೆ ತಳ್ಳಲ್ಪಟ್ಟವರ ದನಿ ಅಡಗಿಸಲ್ಪಡುತ್ತದೆ" ಎಂಬಲ್ಲಿ ತಳ್ಳಿದವರೂ ಇಲ್ಲ, ಅಡಗಿಸಿದವರೂ ಇಲ್ಲ. "ಸಭೆಯ ಅಧ್ಯಕ್ಷರು ಗುತ್ತಿಗೆ ನೌಕರರಿಗೆ ಮಾತನಾಡಲು ಸಮಯ ಕೊಡಲಿಲ್ಲ" ಎಂದು ಬರೆದರೆ ಏನಾಯಿತೆಂದು ತಿಳಿಯುತ್ತದೆ. ಭಾರವಾದ ನಾಮಪದ ಬಂದಲ್ಲೆಲ್ಲ ಅದನ್ನು ಬಿಡಿಸಿ ಕ್ರಿಯಾಪದ ಮಾಡಿ, ಮಾಡಿದವರನ್ನು ಮುಂದೆ ನಿಲ್ಲಿಸಿ.

ಪ್ಯಾರಾದ ಕ್ರಮ ವಸ್ತು, ಓದು, ಪರಿಕಲ್ಪನೆ ಎಂದಿರಲಿ. ಚಿಂತಕನ ಹೆಸರಿನಿಂದ ಆರಂಭವಾಗುವ ಪ್ಯಾರಾಗಳನ್ನು ಎಣಿಸಿ, ಮೂರಕ್ಕಿಂತ ಹೆಚ್ಚಿದ್ದರೆ ತಿರುಗಿಸಿ ಬರೆಯಿರಿ. ಆಮೇಲೆ ಕರಡಿನ ಒಂದು ಪ್ರತಿಯಲ್ಲಿ ಎಲ್ಲ ಚಿಂತಕರ ಹೆಸರನ್ನೂ ಅಳಿಸಿ ಓದಿ. ವಾದ ತನ್ನ ಕಾಲ ಮೇಲೆ ನಿಂತರೆ ಹೆಸರುಗಳನ್ನು ಋಣಸ್ಮರಣೆಯಾಗಿ ಮರಳಿ ಸೇರಿಸಿ. ನಿಲ್ಲದಿದ್ದರೆ ಐದನೆಯ ಹಂತಕ್ಕೆ ಹಿಂದಿರುಗಿ, ಯಾವ ಕೊಂಡಿ ಬಿಟ್ಟುಹೋಗಿದೆ ನೋಡಿ.

ಕರಡು ಸಿದ್ಧವಾದ ಮೇಲೆ, ನೀವು ಯಾರ ಬಗ್ಗೆ ಬರೆದಿದ್ದೀರೋ ಅಂಥವರೊಬ್ಬರಿಗೆ ಅದನ್ನು ಓದಿ ಹೇಳಿ. ನಮ್ಮ ಉದಾಹರಣೆಯಲ್ಲಾದರೆ, ಅಂಥ ಜಾಹೀರಾತಿಗೆ ಅರ್ಜಿ ಹಾಕಿ ಮರಳಿದವರೊಬ್ಬರಿಗೆ. ಅವರು ಒಪ್ಪದ ಸಾಲನ್ನು ಕೂಡಲೇ ಅಳಿಸಬೇಡಿ, ಸಮರ್ಥಿಸಿಕೊಳ್ಳಲೂ ಹೋಗಬೇಡಿ. ಅವರ ಆಕ್ಷೇಪವನ್ನು ಅವರ ಮಾತಿನಲ್ಲೇ ಆ ಸಾಲಿನ ಪಕ್ಕ ಬರೆದುಕೊಂಡು, ಎರಡನೆಯ ಹಂತದಲ್ಲಿ ಮೊದಲ ಬಣ್ಣದಿಂದ ತುಂಬಿಸಿದ ಪುಟಗಳನ್ನು ಮತ್ತೊಮ್ಮೆ ತೆರೆಯಿರಿ.